ಟರ್ಕಿ ಕೋಳಿಗೆ ಕಾಳಿನ ಚೀಲ ಕಟ್ಕೊಂಡ್ರೆ ಏನ್ ಮಾಡ್ಬೇಕು, ಏನ್ ಮಾಡಬಾರ್ದು

ಟರ್ಕಿ ಸಾಕಿರೋರು ಒಂದು ರೂಢಿ ಮಾಡ್ಕೊಳ್ರಿ. ಬೆಳಿಗ್ಗೆ ಗೂಡಿನ ಬಾಗ್ಲು ತೆಗ್ದ ತಕ್ಷಣ, ಕಾಳು ನೀರು ಯಾವ್ದೂ ಇಡೋಕೆ ಮುಂಚೆ, ಕೋಳಿ ಹಿಡ್ದು ಕುತ್ತಿಗೆ ಬುಡದಲ್ಲಿ, ಎದೆ ಶುರುವಾಗೋ ಜಾಗದಲ್ಲಿ ಕೈಯಾಡ್ಸಿ ನೋಡ್ರಿ. ಅಲ್ಲಿ ಕೋಳಿಯ ಬಲಗಡೆಗೆ ಸ್ವಲ್ಪ ವಾಲ್ದಂಗೆ ಒಂದು ಚೀಲ ಐತೆ, ಡಾಕ್ಟ್ರು ಅದನ್ನ ಕ್ರಾಪ್ ಅಂತಾರೆ, ನಾನಿಲ್ಲಿ ಕಾಳಿನ ಚೀಲ ಅಂತೀನಿ. ಸಂಜೆ ಹೊತ್ತಿಗೆ ಅದು ಉಬ್ಬಿರುತ್ತೆ, ಉಬ್ಬಿರ್ಲೇಬೇಕು, ರಾತ್ರಿಗೆ ಬೇಕಾದ ಮೇವು ತುಂಬ್ಕೊಂಡು ಮಲಗೋದು ಕೋಳಿ ಸ್ವಭಾವ. ಬೆಳಗಾಗೋ ಅಷ್ಟೊತ್ತಿಗೆ ಎಲ್ಲ ಕೆಳಗಿಳ್ದು, ಖಾಲಿ ಎಲೆಅಡಿಕೆ ಸಂಚಿ ತರ ಬರೀ ತೊಗಲು ಕೈಗೆ ಸಿಗ್ಬೇಕು. ಬೆಳಿಗ್ಗೆನೂ ಚೀಲ ಗುಂಡಗೆ ತುಂಬಿದ್ರೆ ಏನೋ ಕೆಟ್ಟೈತೆ ಅಂತ ತಿಳ್ಕೊಳ್ರಿ. ಸಂಜೆ ಮುಟ್ಟಿ ನೋಡಿ ಗಾಬರಿ ಆಗೋದು ಬೇಡ, ಬೆಳಿಗ್ಗೆ ಮುಟ್ಟದೆ ಇರೋದೂ ಬೇಡ.

ನಾನಿರೋದು ಚಿತ್ರದುರ್ಗದ ಹೊರಗಡೆ, ಹೊಳಲ್ಕೆರೆ ರೋಡ್ ಕಡೆ, ಹಿತ್ಲಲ್ಲಿ ಒಂದು ಹುಂಜ ನಾಲ್ಕು ಹ್ಯಾಟೆ ಅದಾವೆ. ಈ ಚೀಲದ ಕಾಯಿಲೆ ನಮ್ಮನೇಲಿ ಎರಡು ಸಲ ಬಂತು, ಮೊದಲ್ನೇ ಸಲ ಕೋಳಿ ಸತ್ತೋಯ್ತು, ಎರಡನೇ ಸಲ ಉಳೀತು. ಸತ್ತಿದ್ದು ಕಾಯಿಲೆಯಿಂದ ಅಲ್ಲ, ನಾವು ಮಾಡಿದ ಉಪಚಾರದಿಂದ. ಅದಕ್ಕೇ ಇಷ್ಟುದ್ದ ಬರೀತಿದೀನಿ.

ಮೊದ್ಲು ಈ ಚೀಲ ಏನು ಅಂತ ತಿಳ್ಕೊಂಡ್ರೆ ಮಿಕ್ಕಿದ್ದೆಲ್ಲ ಸುಲಭ. ಕೋಳಿಗೆ ಹಲ್ಲಿಲ್ಲ, ತಿಂದಿದ್ದು ಇಡಿಯಾಗಿ ಈ ಚೀಲಕ್ಕೆ ಬಂದು ನೆನೆಯುತ್ತೆ, ಆಮೇಲೆ ಸ್ವಲ್ಪ ಸ್ವಲ್ಪ ಹೊಟ್ಟೆಗೆ ಇಳ್ದು, ಅಲ್ಲಿಂದ ಗಿಜರ್ಡ್‌ಗೆ ಹೋಗುತ್ತೆ, ಕೋಳಿ ಕೊಯ್ದಾಗ ಒಳಗೆ ಮರಳು ಹರಳು ಸಿಗುತ್ತಲ್ಲ ಆ ಗಟ್ಟಿ ಮಾಂಸದ ಗುಂಡು, ಅದೇ. ಟರ್ಕಿಯ ಗಿಜರ್ಡ್ ಎಂಥ ಗಟ್ಟಿ ಅಂದ್ರೆ 18ನೇ ಶತಮಾನದಲ್ಲಿ ಇಟಲಿಯ ಸ್ಪಲ್ಲಂಜಾನಿ ಅನ್ನೋ ವಿಜ್ಞಾನಿ ಟರ್ಕಿಗಳಿಗೆ ಗಾಜಿನ ಚೂರು, ಸೂಜಿ ಚುಚ್ಚಿದ ಸೀಸದ ಗುಂಡು ನುಂಗ್ಸಿ ನೋಡಿದ್ದ, ಗಾಜು ಪುಡಿಯಾಗಿ ಸೂಜಿ ಮುರಿದು ಹೋಗಿದ್ವು. (ನೀವು ಹಿಂಗೆಲ್ಲ ಮಾಡೋಕೆ ಹೋಗ್ಬೇಡ್ರಿ.) ಆದ್ರೆ ಆ ಶಕ್ತಿ ಎಲ್ಲ ಗಿಜರ್ಡ್‌ದು. ಕಾಳಿನ ಚೀಲಕ್ಕೆ ಅರೆಯೋ ಶಕ್ತಿ ಇಲ್ಲ, ಅದು ಬರೀ ತೆಳು ತೊಗಲಿನ ಸಂಚಿ. ಹಂಗಾಗಿ ಗಾಜು ಅರೆಯೋ ಕೋಳಿ ಒಂದು ಮೊಳ ದಾರಕ್ಕೆ ಸಾಯುತ್ತೆ, ಯಾಕಂದ್ರೆ ದಾರ ಸಂಚಿಲೇ ಸುತ್ಕೊಂಡು ಕೂತ್ರೆ ಗಿಜರ್ಡ್ ತನಕ ಹೋಗೋದೇ ಇಲ್ಲ.

ಹುಂಜ ಸಾಕಿರೋರಿಗೆ ಒಂದು ಮಾತು. ಬೆಳೆದ ಟರ್ಕಿ ಹುಂಜಕ್ಕೆ ಕೂಡೋ ಕಾಲದಲ್ಲಿ ಎದೆ ಮೇಲ್ಭಾಗದಲ್ಲಿ ದಪ್ಪ ಕೊಬ್ಬಿನ ಪದರ ಬೆಳೆಯುತ್ತೆ, ಮುಟ್ಟಿದ್ರೆ ಸ್ಪಂಜು ತರ ಮೆತ್ತಗೆ, ಅದು ಕಾಯಿಲೆ ಅಲ್ಲ. ಹೆಣ್ಣಿನ ಹಿಂದೆ ತಿರುಗ್ತಾ ಮೇವು ಮರೆತಾಗ ಆ ಕೊಬ್ಬೇ ಅದಕ್ಕೆ ಆಸರೆ. ಚೀಲ ಆದ್ರೆ ಬೆಳಿಗ್ಗೆಗೂ ಸಂಜೆಗೂ ಸೈಜು ಬದಲಾಗುತ್ತೆ, ಈ ಕೊಬ್ಬು ಬದಲಾಗಲ್ಲ. ಅಷ್ಟು ನೋಡಿದ್ರೆ ಗೊತ್ತಾಗುತ್ತೆ.

ಈಗ ಬೆಳಿಗ್ಗೆ ಚೀಲ ಖಾಲಿ ಆಗಿಲ್ಲ ಅಂದ್ಕೊಳ್ರಿ, ಕೈ ಏನ್ ಹೇಳುತ್ತೆ ನೋಡ್ರಿ. ಒಳಗೆ ಗಟ್ಟಿ, ಅಥವಾ ನಾದಿದ ಹಿಟ್ಟಿನ ಉಂಡೆ ತರ, ಒತ್ತಿದ್ರೆ ಹುಲ್ಲು ನಾರು ಸುತ್ಕೊಂಡಂಗೆ ಗಂಟು ಸಿಕ್ರೆ ಅದು ಚೀಲ ಕಟ್ಕೊಂಡಿರೋದು. ನೀರು ತುಂಬಿದ ಬಲೂನ್ ತರ ಬುಳುಬುಳು ಅಂದ್ರೆ, ಬಾಯಿ ಹತ್ರ ಮೂಗಿಟ್ರೆ ಹುಳಿ ಹೆಂಡದ ವಾಸ್ನೆ ಹೊಡೆದ್ರೆ ಅದು ಚೀಲ ಹುಳಿ ಬಂದಿರೋದು. ಮೂರನೇದು, ಕೋಳಿ ಒಂದ್ ಮಟ್ಟಿಗೆ ಚುರುಕಾಗೇ ಇರುತ್ತೆ, ಚೀಲ ಮಾತ್ರ ಎದೆಯಿಂದ ಕೆಳಗೆ ಜೋತುಬಿದ್ದು ನಡೆದ್ರೆ ಆಕಡೆ ಈಕಡೆ ತೂಗಾಡ್ತಾ ಇರುತ್ತೆ, ಇದು ಚೀಲ ಜೋತುಬಿದ್ದಿರೋದು, ಇದಂತೂ ಟರ್ಕಿಗಳಲ್ಲಿ ಹೆಸ್ರುವಾಸಿ ತೊಂದ್ರೆ. ಮೂರಕ್ಕೂ ಉಪಚಾರ ಬೇರೆ ಬೇರೆ, ಒಂದಕ್ಕೆ ಮಾಡೋದು ಇನ್ನೊಂದಕ್ಕೆ ಮಾಡಿದ್ರೆ ಕೆಡುತ್ತೆ, ಅದಕ್ಕೇ ಕೈಯಾಡಿಸದೆ ಔಷಧಿ ಹುಡುಕ್ಬೇಡ್ರಿ. ಒಂದರಿಂದ ಇನ್ನೊಂದಾಗೋದೂ ಉಂಟು, ಕಟ್ಕೊಂಡ ಮೇವು ಒಳಗೇ ಕೊಳೆತು ಹುಳಿ ಬರುತ್ತೆ.

ಯಾವ್ದೇ ಆಗ್ಲಿ, ತಲೆಕೆಳಗೆ ಹಿಡ್ದು ವಾಂತಿ ಮಾಡಿಸ್ಬೇಡ್ರಿ. ನಮ್ಮ ಕರಿ ಹುಂಜ ಸತ್ತಿದ್ದು ಹಿಂಗೇ. ಬೇಸಿಗೆ, ಚೀಲ ನೀರು ತುಂಬಿ ಇಳಿಬಿದ್ದಿತ್ತು, ಕೋಳಿ ಸಾಕಿ ಅನುಭವ ಇದ್ದೋರೊಬ್ರು ಬಂದು ಕಾಲು ಹಿಡ್ದು ಎತ್ತಿ ಚೀಲ ಹಿಂಡಿದ್ರು, ಒಂದ್ ಚೊಂಬು ಹುಳಿ ನೀರು ಬಾಯಿಂದ ಬಂತು, ನಾನೂ ಪಕ್ಕದಲ್ಲೇ ನಿಂತು ಸದ್ಯ ಹಗುರಾಯ್ತಲ್ಲ ಅಂದ್ಕೊಂಡೆ. ಇಳಿಸಿದ ಮೇಲೆ ಅದು ಎರಡು ಸಲ ಬಾಯಿ ತೆಗ್ದು ಉಸಿರು ಎಳ್ಕೊಂಡು ಅಲ್ಲೇ ಮಲಗ್ತು, ಏಳ್ಲಿಲ್ಲ. ಕೋಳಿ ಬಾಯಿ ತೆಗ್ಸಿ ನೋಡಿದ್ರೆ ನಾಲಿಗೆ ಬುಡದಲ್ಲೇ ಒಂದು ಸೀಳು ತರ ತೂತು ತೆಗೀತಾ ಮುಚ್ಚುತಾ ಇರುತ್ತೆ, ಅದೇ ಶ್ವಾಸದ ದಾರಿ, ತಲೆಕೆಳಗಾದಾಗ ಚೀಲದ ನೀರೆಲ್ಲ ಅದ್ರ ಮೇಲೇ ಹರಿಯುತ್ತೆ, ಸ್ವಲ್ಪ ಒಳಗಿಳಿದ್ರೂ ಸಾಕು. ಚೀಲ ಖಾಲಿ ಮಾಡ್ಲೇಬೇಕು ಅಂದ್ರೆ ಡಾಕ್ಟ್ರು ಟ್ಯೂಬ್ ಹಾಕಿ ತೆಗೀತಾರೆ, ಅದು ಅವ್ರ ಕೆಲ್ಸ.

ಈಗ ಕಟ್ಕೊಂಡ ಚೀಲದ ವಿಷ್ಯ, ಇದೇ ನಾನು ಚೆನ್ನಾಗಿ ಬಲ್ಲೆ. ಹೋದ ವರ್ಷ ಮೆಕ್ಕೆಜೋಳ ಒಕ್ಕಣೆ ಮುಗ್ದಿತ್ತು, ಚಳಿ ಶುರುವಾಗಿತ್ತು, ಅಂಗಳದಲ್ಲಿ ರವದಿ, ಅಂದ್ರೆ ಜೋಳದ ಒಣ ಗರಿ ಸಿಪ್ಪೆ, ಬಿದ್ದಿತ್ತು, ಗೋಣಿಚೀಲ ಹೊಲಿದ ಸುತ್ಲಿ ತುಂಡುಗಳೂ ಬಿದ್ದಿದ್ವು. ಒಂದು ದಿನ ಅಮ್ಮ, ಲೋ, ಈ ಬಿಳಿ ಹ್ಯಾಟೆ ನಿನ್ನೆಯಿಂದ ಏನೂ ಮುಟ್ಟಿಲ್ಲ ಕಣೋ, ಆದ್ರೂ ಎದೆ ಉಬ್ಬೈತೆ ನೋಡು ಅಂದ್ಲು. ಕೈ ಹಾಕಿದ್ರೆ ಕಿತ್ಲೆಹಣ್ಣಿನಷ್ಟು ಗಟ್ಟಿ ಗಂಟು. ಕೋಳಿ ಕುತ್ತಿಗೆ ಉದ್ದ ಮಾಡಿ ಆಕಡೆ ಈಕಡೆ ತಿರುಚ್ತಾ ಇತ್ತು, ಪಿಕ್ಕೆ ಅಂತ ಬಂದಿದ್ದು ಬರೀ ಹಸಿರು ನೀರು. ಇದನ್ನ ನೋಡಿ ಭೇದಿ ಅಂತ ಔಷಧಿ ಹಾಕೋರು ಅದಾರೆ, ಭೇದಿ ಅಲ್ಲ ಅದು, ಹೊಟ್ಟೆಗೆ ಏನೂ ಇಳೀತಿಲ್ಲ, ಬರೀ ಪಿತ್ತ ಹೊರಗೆ ಬರ್ತೈತೆ.

ಇಂಥ ಟೈಮಲ್ಲಿ ಮಾಡ್ಬೇಕಾದ್ದು, ಮೊದ್ಲು ಕೋಳಿನ ಬೇರೆ ಮಾಡ್ರಿ, ನೆಲಕ್ಕೆ ಹಳೇ ಪಂಚೆನೋ ಪೇಪರೋ ಹಾಸ್ರಿ, ಹುಲ್ಲು ಹೊಟ್ಟು ಹಾಸ್ಬೇಡ್ರಿ, ಹಸಿದ ಕೋಳಿ ಅದನ್ನೇ ತಿಂದು ಇನ್ನಷ್ಟು ಕಟ್ಕೊಳುತ್ತೆ. ಪೇಪರ್ ಮೇಲೆ ಪಿಕ್ಕೆ ಎಷ್ಟು ಬಿತ್ತು, ಏನ್ ಬಣ್ಣ ಅಂತಾನೂ ಗೊತ್ತಾಗುತ್ತೆ. ಒಂದು ದಿನ ಮೇವು ಬಂದ್, ನೀರು ಮಾತ್ರ ಇಡ್ರಿ. ಆಮೇಲೆ ಕೊಬ್ಬರಿ ಎಣ್ಣೆ. ಎಣ್ಣೆನ ಸಿರಿಂಜಲ್ಲಿ ಗಂಟ್ಲಿಗೆ ಬಿಡ್ತಾರೆ ಕೆಲವ್ರು, ನಂಗೆ ಅದು ಭಯ, ಮೇಲೆ ಹೇಳಿದ ಶ್ವಾಸದ ತೂತಿಗೆ ಹೋದ್ರೆ ಮುಗೀತು. ಚಳಿಗಾಲದಲ್ಲಿ ನಮ್ ಕಡೆ ಕೊಬ್ಬರಿ ಎಣ್ಣೆ ಬಾಟ್ಲಿಲೇ ಗಟ್ಟಿ ಆಗುತ್ತಲ್ಲ, ಬೇಸಿಗೆ ಆದ್ರೆ ಫ್ರಿಜ್‌ನಲ್ಲಿಡ್ರಿ, ಆ ಗಟ್ಟಿ ಎಣ್ಣೆನ ಚಮಚದಲ್ಲಿ ಕೆರೆದು ಕಡ್ಲೆಕಾಳಿನಷ್ಟು ನಾಲ್ಕೈದು ಉಂಡೆ ಮಾಡಿ, ಕೊಕ್ಕು ತೆಗ್ಸಿ ಒಂದೊಂದೇ ನಾಲಿಗೆ ಮೇಲೆ ಇಟ್ರೆ ತಾನೇ ನುಂಗುತ್ತೆ, ಮೈ ಬಿಸಿ 41 ಡಿಗ್ರಿ ಹತ್ರ ಇರೋದ್ರಿಂದ ಚೀಲಕ್ಕೆ ಹೋಗ್ತಿದ್ದಂಗೆ ಕರಗುತ್ತೆ. ಬೆಳಿಗ್ಗೆ ಒಂದ್ಸಲ ಸಂಜೆ ಒಂದ್ಸಲ ಸಾಕು.

ಕೊಟ್ಟ ಮೇಲೆ ತಿಕ್ಕೋದು. ಕೋಳಿನ ಕಂಕುಳಲ್ಲಿ ಇಟ್ಕೊಂಡು ಕೂತ್ಕೊಳ್ರಿ, ರೆಕ್ಕೆ ನಿಮ್ ಮೈಗೆ ಒತ್ತಿರ್ಲಿ, ತಲೆ ಮೇಲೇ ಇರ್ಲಿ. ಇನ್ನೊಂದು ಕೈಲಿ ಗಂಟನ್ನ ಬೆರಳ ತುದಿಯಿಂದ, ಹಸುಗೂಸಿಗೆ ಎಣ್ಣೆ ಹಚ್ಚಿದಂಗೆ, ಸುತ್ತ ಸುತ್ತ ಮೆಲ್ಲಗೆ ತಿಕ್ಕಿ ಬಿಡಿ ಬಿಡಿ ಮಾಡ್ಬೇಕು. ಬಾಯಿ ಕಡೆಗೆ ತಳ್ಳೋಕೆ ಹೋಗ್ಬೇಡ್ರಿ. ಐದು ನಿಮಿಷ, ದಿನಕ್ಕೆ ಮೂರ್ನಾಲ್ಕು ಸಲ. ಬಾಯಲ್ಲಿ ನೀರು ಕಾಣಿಸ್ಕೊಂಡ್ರೆ, ಕೆಮ್ಮಿದಂಗೆ ಮಾಡಿದ್ರೆ ತಕ್ಷಣ ಬಿಟ್ಟುಬಿಡ್ರಿ. ಸುಮ್ನೆ ಜೋರಾಗಿ ಹಿಂಡಿದ್ರೆ ಚೀಲಕ್ಕೇ ಗಾಯ ಆಗುತ್ತೆ. ಬರೀ ಕಾಳು ಹಿಟ್ಟು ಕಟ್ಕೊಂಡಿದ್ರೆ ಮಾರನೇ ದಿನಕ್ಕೇ ಗಂಟು ಮೆತ್ತಗಾಗಿ ಸಣ್ಣದಾಗೋದು ಕೈಗೇ ಗೊತ್ತಾಗುತ್ತೆ, ಪಿಕ್ಕೆ ಗಟ್ಟಿ ಬೀಳೋಕೆ ಶುರುವಾಗುತ್ತೆ. ಆವಾಗ ಸ್ಟಾರ್ಟರ್ ಫೀಡ್, ಅಂದ್ರೆ ಮರಿಗಳಿಗೆ ಹಾಕೋ ಪುಡಿ ಮೇವು, ನೆನೆಸಿ ಗಂಜಿ ತರ ಮಾಡಿ ಒಂದೊಂದು ಮುಷ್ಟಿ, ಬೇಯಿಸಿದ ಮೊಟ್ಟೆ ಹಿಚುಕಿ ಸ್ವಲ್ಪ, ಬೆಳಿಗ್ಗೆ ಚೀಲ ಖಾಲಿ ಇದ್ರೆ ಮಾತ್ರ ಮುಂದಿನ ಊಟ. ಇಡೀ ಮೆಕ್ಕೆಜೋಳ ಒಂದ್ ವಾರ ಬೇಡ.

ನಮ್ಮ ಹ್ಯಾಟೆಗೆ ಇದೆಲ್ಲ ಮಾಡಿದ್ರೂ ಎರಡು ದಿನ ಆದ್ರೂ ಗಂಟು ಅಲ್ಲಾಡ್ಲಿಲ್ಲ. ನನ್ನ ಲೆಕ್ಕ ಇಷ್ಟೇ, ಎರಡು ದಿನಕ್ಕೆ ಜಗ್ಗದೇ ಇದ್ರೆ ಅದು ಎಣ್ಣೆಗೆ ಜಗ್ಗಲ್ಲ, ಕಾಯೋದ್ರಿಂದ ಕೋಳಿ ಸೊರಗುತ್ತೆ ಹೊರತು ಇನ್ನೇನಿಲ್ಲ, ಸೊರಗಿದ ಮೇಲೆ ಆಪರೇಷನ್ ತಡ್ಕೊಳಲ್ಲ. ಬುಟ್ಟಿಲಿಟ್ಕೊಂಡು ಪಶು ಆಸ್ಪತ್ರೆಗೆ ಹೋದೆ. ಡಾಕ್ಟ್ರು ಪುಕ್ಕ ಕಿತ್ತು, ಮರಗಟ್ಟೋ ಇಂಜೆಕ್ಷನ್ ಕೊಟ್ಟು, ತೊಗಲು ಕೊಯ್ದು, ಆಮೇಲೆ ಚೀಲ ಕೊಯ್ದು ಚಿಮಟ ಹಾಕಿ ಎಳೆದ್ರು. ಮೊದ್ಲು ಒಂದೆಳೆ ಸುತ್ಲಿ ಬಂತು. ಎಳೀತಾ ಹೋದಂಗೆ ಬರ್ತಾನೇ ಇತ್ತು, ಅದಕ್ಕೆ ರವದಿ ನಾರು ಜಡೆ ಹೆಣೆದಂಗೆ ಸುತ್ಕೊಂಡಿತ್ತು, ಮಧ್ಯ ಮಧ್ಯ ಕೊಳೆತ ಜೋಳ, ಒಂದು ಗುಟ್ಕಾ ಪ್ಯಾಕೆಟ್ಟಿನ ಮೂಲೆ. ಟ್ರೇ ಮೇಲೆ ಬಿಡ್ಸಿ ಉದ್ದಕ್ಕೆ ಇಟ್ರೆ ದಾರವೇ ಒಂದೂವರೆ ಮೊಳ. ಆ ವಾಸ್ನೆ ಎರಡು ದಿನ ನನ್ನ ಅಂಗೀಲಿತ್ತು. ಚೀಲಕ್ಕೆ ಬೇರೆ ಹೊಲಿಗೆ, ತೊಗಲಿಗೆ ಬೇರೆ ಹೊಲಿಗೆ ಹಾಕಿದ್ರು, ಎರಡೂ ಸೇರ್ಸಿ ಒಂದೇ ಹೊಲಿಗೆ ಹಾಕಿದ್ರೆ ಚೀಲ ತೊಗಲಿಗೆ ಅಂಟ್ಕೊಂಡು ಸೋರುತ್ತೆ ಅಂದ್ರು. ಯೂಟ್ಯೂಬ್ ನೋಡಿ ಮನೇಲೇ ಬ್ಲೇಡ್ ಹಾಕೋರು ಅದಾರೆ, ದಯವಿಟ್ಟು ಬೇಡ, ನೋವು ಗೊತ್ತಾಗದಂಗೆ ಮಾಡೋ ಔಷಧಿ ನಮ್ಮ ಹತ್ರ ಇಲ್ಲ, ಅದು ಕೋಳಿ ಆದ್ರೂ ನೋವು ನೋವೇ. ಆಸ್ಪತ್ರೆ ದೂರ ಇರೋರು 1962ಕ್ಕೆ ಫೋನ್ ಮಾಡ್ರಿ, ಪಶು ಸಂಚಾರಿ ಚಿಕಿತ್ಸೆ ಗಾಡಿದು ಸಹಾಯವಾಣಿ ಅದು, ಎಮ್ಮೆ ದನಕ್ಕೆ ಮಾತ್ರ ಅಂತ ಸುಮ್ನಿರಬೇಡ್ರಿ, ಕೇಳಿ ನೋಡ್ರಿ. ಔಷಧಿ ಕೊಟ್ಟಾಗ ಮೊಟ್ಟೆ ಎಷ್ಟು ದಿನ ತಿನ್ನಬಾರ್ದು ಅಂತಾನೂ ಅಲ್ಲೇ ಕೇಳ್ಕೊಳ್ರಿ.

ಹುಳಿ ಬಂದ ಚೀಲದ ಕತೆ ಬೇರೆ. ಅಲ್ಲಿ ಕ್ಯಾಂಡಿಡಾ ಅನ್ನೋ ಬೂಸ್ಟು ಜಾತಿಯ ಯೀಸ್ಟ್ ಬೆಳ್ದಿರುತ್ತೆ, ಬಾಯೊಳಗೆ ಮೊಸರು ಅಂಟಿದಂಗೆ ಬಿಳಿ ಮಚ್ಚೆ ಕಾಣ್ಬೋದು, ಚೀಲದ ಒಳಗೋಡೆ ಒದ್ದೆ ಟವಲ್ ತರ ದಪ್ಪ ಆಗಿರುತ್ತೆ. ತುಂಬಾ ದಿನ ಆಂಟಿಬಯೋಟಿಕ್ ಕೊಟ್ಟ ಕೋಳಿಗೆ ಇದು ಬರೋದು ಜಾಸ್ತಿ, ಯಾಕಂದ್ರೆ ಯೀಸ್ಟನ್ನ ಹದ್ದುಬಸ್ತಲ್ಲಿಡೋ ಒಳ್ಳೇ ಬ್ಯಾಕ್ಟೀರಿಯಾನೂ ಆ ಔಷಧಿಗೆ ಸತ್ತಿರ್ತಾವೆ. ಹಂಗಾಗಿ ಕೋಳಿ ಮಂಕಾಯ್ತು ಅಂತ ಮೆಡಿಕಲ್ ಶಾಪಿಂದ ಇನ್ನೊಂದು ಆಂಟಿಬಯೋಟಿಕ್ ತಂದು ಹಾಕಿದ್ರೆ ಬೆಂಕಿಗೆ ತುಪ್ಪ ಸುರಿದಂಗೆ. ಇದಕ್ಕೆ ಕೆಲಸ ಮಾಡೋದು ನಿಸ್ಟಾಟಿನ್ ಅನ್ನೋ ಔಷಧಿ, ಕೋಳಿ ತೂಕ ನೋಡಿ ಡಾಕ್ಟ್ರು ಹೇಳಿದಷ್ಟೇ ಕೊಡ್ಬೇಕು. ಎಣ್ಣೆ, ತಿಕ್ಕೋದು ಇಲ್ಲಿ ಬೇಡ, ನೀರು ತುಂಬಿದ ಚೀಲ ಒತ್ತಿದ್ರೆ ಬಾಯಿಗೆ ಬರುತ್ತೆ. ಬೆಲ್ಲ, ಸಕ್ರೆ ನೀರು, ಬನ್ನು, ಬಾಳೆಹಣ್ಣು ಪೂರ್ತಿ ನಿಲ್ಸ್ರಿ, ಸಿಹಿ ಅಂದ್ರೆ ಯೀಸ್ಟಿಗೆ ಹಬ್ಬ. ಮೊಸರು ಕೊಟ್ರೆ ವಾಸಿ ಆಗುತ್ತೆ ಅಂತಾರೆ, ಒಂದು ಚಮಚದಿಂದ ಕೇಡೇನಿಲ್ಲ, ಆದ್ರೆ ಮೊಸರನ್ನೇ ನಂಬಿ ದಿನ ಕಳೀಬೇಡ್ರಿ. ಇನ್ನೊಂದು, ಚನ್ನಗಿರಿ ಭೀಮಸಮುದ್ರ ಕಡೆ ಅಡಿಕೆ ತೋಟದೋರ ಮನೇಲಿ ಮರಕ್ಕೆ ಸಿಂಪಡ್ಸೋ ಬೋರ್ಡೋ ಔಷಧಿಗೆ ಅಂತ ಮೈಲುತುತ್ತ ಇದ್ದೇ ಇರುತ್ತೆ, ಹಳಬರು ಅದನ್ನ ಚಿಟಿಕೆ ನೀರಿಗೆ ಹಾಕಿ ಕೊಡ್ರಿ ಅಂತಾರೆ. ಈ ಕಾಯಿಲೆಗೆ ಅದನ್ನ ಬಳಸೋದು ಹಿಂದಿಂದ ಇದೆ ನಿಜ, ಆದ್ರೆ ಅಳತೆ ಸ್ವಲ್ಪ ಜಾಸ್ತಿ ಆದ್ರೂ ಅದೇ ವಿಷ. ಚಿಟಿಕೆ ಲೆಕ್ಕದಲ್ಲಿ ಕೊಡೋ ವಸ್ತು ಅಲ್ಲ.

ಜೋತುಬಿದ್ದ ಚೀಲ ಬರೋದು ಹೆಚ್ಚಾಗಿ ಬಿಸಿಲಿಗೆ. ಏಪ್ರಿಲ್ ಮೇ ತಿಂಗಳು ನಮ್ಮ ದುರ್ಗದ ಬಂಡೆ ಕಾದು ರಾತ್ರಿ ಒಂಬತ್ತಾದ್ರೂ ಬಿಸಿ ಉಗುಳ್ತಿರುತ್ತಲ್ಲ, ಆಗ ಟರ್ಕಿ ಒಂದೇ ಸಮ ನೀರು ಕುಡಿಯುತ್ತೆ, ಚೀಲ ಹಿಗ್ಗಿ ಹಿಗ್ಗಿ ಮತ್ತೆ ಕುಗ್ಗೋ ಶಕ್ತಿ ಕಳ್ಕೊಳುತ್ತೆ. ಕೆಲವು ಕೋಳಿಗೆ ಇದು ವಂಶದಿಂದಲೇ ಬಂದಿರುತ್ತೆ. ನೀರಿನ ಪಾತ್ರೆ ಮಧ್ಯಾಹ್ನ ಖಾಲಿ ಆಗಿ ಸಂಜೆ ನೀವು ಬಂದು ತುಂಬಿಸಿದ್ರೆ ಬರಗೆಟ್ಟಂಗೆ ಕುಡಿಯುತ್ತೆ, ಅಂಥದ್ದು ಆಗದಂಗೆ ನೆರಳಲ್ಲಿ ದಿನವೆಲ್ಲ ತಣ್ಣೀರು ಇರಬೇಕು. ಒಂದ್ಸಲ ಜೋತುಬಿದ್ರೆ ಪೂರ್ತಿ ಸರಿ ಹೋಗೋದು ಕಷ್ಟ, ಇದನ್ನ ಒಪ್ಕೊಳ್ಳೋಕೆ ನಂಗೂ ಬೇಜಾರು. ಮಾಡ್ಬೋದಾದ್ದು ಅಂದ್ರೆ ಸ್ವಲ್ಪ ಸ್ವಲ್ಪ ನೆನೆಸಿದ ಮೇವು ದಿನಕ್ಕೆ ನಾಲ್ಕು ಸಲ, ಮತ್ತೆ ಎದೆಗೆ ಆಸರೆ ಪಟ್ಟಿ. ಹಳೇ ಕಾಟನ್ ಪಂಚೆ ಅಗಲಕ್ಕೆ ಹರ್ಕೊಂಡು ಚೀಲನ ಕೆಳಗಿಂದ ಎತ್ತಿ ಹಿಡ್ಯೋ ಹಂಗೆ ಹಾಕಿ, ರೆಕ್ಕೆ ಮುಂದೆ ಹಿಂದೆ ದಾಟಿಸಿ ಬೆನ್ನ ಮೇಲೆ ಗಂಟು. ಗಂಟು ಹಾಕಿದ ಮೇಲೆ ಎರಡು ಬೆರಳು ಒಳಗೆ ಹೋಗ್ಬೇಕು, ಉಸಿರಾಡೋಕೆ ಕಷ್ಟ ಆಗಬಾರ್ದು, ದಿನಾ ಬಿಚ್ಚಿ ಕೆಳಗೆ ತೊಗಲು ಕೆಂಪಾಗೈತಾ ನೋಡ್ರಿ. ಅಂಥ ಕೋಳಿ ಮೊಟ್ಟೆ ಕಾವಿಗೆ ಇಡಬೇಡ್ರಿ, ಮರಿಗಳಿಗೂ ಅದೇ ಬರ್ಬೋದು.

ಕೆಲವು ಸಲ ಚೀಲ ನಿಂತಿರೋದು ಬೇರೆ ಕಾಯಿಲೆಯ ಗುರುತು ಅಷ್ಟೇ. ಪಿಕ್ಕೆ ಗಂಧಕದ ಹಳದಿ ಬಣ್ಣದಲ್ಲಿ ಬಿದ್ರೆ ಅದು ಬ್ಲ್ಯಾಕ್‌ಹೆಡ್ ಅನ್ನೋ ಕರುಳು ಲಿವರ್ ಕಾಯಿಲೆ ಇರ್ಬೋದು, ಟರ್ಕಿಗೆ ಅದು ಬಲು ಕೆಟ್ಟದ್ದು, ನಾಟಿ ಕೋಳಿ ಕರುಳಲ್ಲಿರೋ ಹುಳದ ಮೂಲಕ ಹರಡೋದ್ರಿಂದ ನಾಟಿ ಕೋಳಿ ಟರ್ಕಿ ಒಂದೇ ಕಡೆ ಮೇಯಿಸೋದನ್ನ ನಾನು ಬಿಟ್ಟಿದೀನಿ. ಕುತ್ತಿಗೆ ತಿರುಚ್ಕೊಂಡು, ಉಸಿರು ಎಳ್ಕೊಂಡು, ಒಂದರ ಹಿಂದೆ ಒಂದು ಮಲಗ್ತಿದ್ರೆ ಕೊಕ್ಕರೆ ರೋಗ ಇರ್ಬೋದು. ಗಂಟ್ಲಲ್ಲಿ ಹಳದಿ ಗಿಣ್ಣಿನಂಥ ಗಡ್ಡೆ ಕಂಡ್ರೆ ಪಾರಿವಾಳ ಕುಡಿದ ನೀರಿಂದ ಬರೋ ಸೋಂಕು ಇರ್ಬೋದು. ಇವುಗಳಿಗೆ ಚೀಲ ತಿಕ್ಕಿ ಪ್ರಯೋಜನ ಇಲ್ಲ, ಸೀದಾ ಡಾಕ್ಟ್ರ ಹತ್ರ.

ಇನ್ನು ಬರದಂಗೆ ನೋಡ್ಕೊಳೋದು. ಟರ್ಕಿ ಕಣ್ಣಿಗೆ ದಾರ ಕಂಡ್ರೆ ಎರೆಹುಳ ಕಂಡಂಗೆ, ನೆಟ್ಟಗೆ ನುಂಗುತ್ತೆ. ಒಕ್ಕಣೆ ಆದ್ಮೇಲೆ ಅಂಗಳ ಗುಡಿಸಿ ಸುತ್ಲಿ, ತೆಂಗಿನ ನಾರು, ಫೀಡ್ ಚೀಲದ ಪ್ಲಾಸ್ಟಿಕ್ ಎಳೆ ಎಲ್ಲ ಎತ್ತಿದ ಮೇಲೇ ನಾನೀಗ ಗೂಡು ತೆಗೆಯೋದು. ಶೇಂಗಾ ಬಳ್ಳಿ, ಒಣಗಿದ ಉದ್ದ ಹುಲ್ಲು ಹಂಗೇ ಹಾಕ್ಬೇಡ್ರಿ, ಸೊಪ್ಪು ಕೊಡೋದಾದ್ರೆ ಪಲ್ಯಕ್ಕೆ ಹೆಚ್ಚಿದಂಗೆ ಸಣ್ಣಗೆ ಹೆಚ್ಚಿ ಕೊಡ್ರಿ. ದಾವಣಗೆರೆ ಕಡೆಯೋರು ಮಿಕ್ಕಿದ ಖಾರ ಮಂಡಕ್ಕಿ ಕವರ್ ಸಮೇತ ಹಿತ್ಲಿಗೆ ಎಸೀತಾರೆ, ಆ ಉಪ್ಪು ಎಣ್ಣೆಗಿಂತ ಕವರ್ರೇ ದೊಡ್ಡ ಅಪಾಯ.

ಕೂಡಾಕಿ ಸಾಕಿದ್ರೆ ಗ್ರಿಟ್ ಬೇಕೇ ಬೇಕು, ಅಂದ್ರೆ ಗಿಜರ್ಡ್‌ಗೆ ಬೀಸೋ ಕಲ್ಲು. ಅದಿಲ್ದೆ ಗಿಜರ್ಡ್ ಸರಿಯಾಗಿ ಅರೆಯಲ್ಲ, ಅಲ್ಲಿ ಜಾಗ ಆಗ್ದೆ ಮೇಲೆ ಚೀಲದಲ್ಲೂ ಮೇವು ನಿಲ್ಲುತ್ತೆ. ಚಿಪ್ಪಿನ ಪುಡಿ ಹಾಕ್ತೀವಲ್ಲ ಅಂತಾರೆ, ಅದು ಮೊಟ್ಟೆ ಸಿಪ್ಪೆಗೆ, ಹೊಟ್ಟೇಲಿ ಕರಗಿ ಹೋಗುತ್ತೆ, ಅರೆಯೋಕೆ ಕರಗದ ಕಲ್ಲೇ ಆಗ್ಬೇಕು. ನಮ್ಮೂರಲ್ಲಿ ಗ್ರಾನೈಟಿಗೆ ಬರ ಇಲ್ಲ. ಕ್ರಷರ್‌ನಿಂದ ಒಂದು ಬಕೆಟ್ ಸಣ್ಣ ಚಿಪ್ಸ್ ತಂದು ಜರಡಿ ಹಿಡಿದೆ, ಧೂಳು ಹೋಗೋ ತನಕ ಮೂರ್ನಾಲ್ಕು ನೀರಲ್ಲಿ ತೊಳ್ದು ಒಣಗ್ಸಿದೆ, ಮೆಕ್ಕೆಜೋಳದ ಕಾಳಿಗಿಂತ ಸಣ್ಣ ಇರೋದನ್ನ ಮಾತ್ರ ಒಂದು ಮಣ್ಣಿನ ತಟ್ಟೇಲಿ ಮೇವಿಂದ ದೂರ ಇಟ್ಟಿದೀನಿ. ಮರಿಗಳಿಗೆ ಇನ್ನೂ ಸಣ್ಣದು, ದಪ್ಪ ಮರಳಿನಷ್ಟು. ಹೊಲಿಗೆ ಬಿಚ್ಚಿದ ಮೇಲೆ ಬಿಳಿ ಹ್ಯಾಟೆನ ಮೊದಲ್ನೇ ಸಲ ಹೊರಗೆ ಬಿಟ್ಟಾಗ ಅದು ಕಾಳಿನ ಕಡೆ ಹೋಗ್ಲಿಲ್ಲ, ಸೀದಾ ಆ ತಟ್ಟೆಗೆ ಹೋಗಿ ಹರಳು ಆರ್ಸ್ಕೊಂಡು ನುಂಗ್ತು.